ಮಳೆಗಾಲ ಬಿಟ್ಟು ಎಣಿಸಿದರೆ ಗವಿಯ ಜೀರುಂಡೆ ಲೆಕ್ಕಕ್ಕೆ ಸಿಗದು

ಪರಿಸರ ಪರಿಣಾಮ ವರದಿ ಬೇಕಾಗುವ ಗಣಿಗಳಿಗೆ ಕೇಂದ್ರ ಪರಿಸರ ಸಚಿವಾಲಯದ ಮಾದರಿ ನಿಬಂಧನೆಗಳಿವೆ. ಗಾಳಿ, ನೀರು, ಸದ್ದು, ಮಣ್ಣು, ಗಿಡಮರ, ಪ್ರಾಣಿಪಕ್ಷಿ ಇಷ್ಟರ ಮಾಹಿತಿಯನ್ನು ಒಂದು ಋತುವಿನಲ್ಲಿ ಕಲೆಹಾಕಬೇಕು, ಆ ಋತು ಮಳೆಗಾಲವಾಗಿರಬಾರದು ಎನ್ನುತ್ತವೆ ಅವು. ದೂಳಿನ ಮಟ್ಟಿಗೆ ಇದು ಸರಿಯೇ. ಮಳೆ ಬಿದ್ದರೆ ಗಾಳಿ ತೊಳೆದುಹೋಗಿ ಅಳತೆ ಕಡಿಮೆ ಬರುತ್ತದೆ, ಗಣಿಯವರಿಗೆ ಅನುಕೂಲವಾಗುತ್ತದೆ. ಆದರೆ ಇದೇ ನಿಯಮವನ್ನು ನೆಲದ ಹುಳುಗಳಿಗೂ ಹಚ್ಚಿದರೆ ಲೆಕ್ಕ ಬುಡದಲ್ಲೇ ತಪ್ಪುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿಯಂಥ ಒಣಸೀಮೆಯಲ್ಲಿ ನೆಲದ ಮೇಲೆ ಓಡಾಡಿ ಬೇಟೆಯಾಡುವ ಜೀರುಂಡೆಗಳು ಹೆಚ್ಚಾಗಿ ಹೊರಬರುವುದೇ ಮುಂಗಾರು-ಹಿಂಗಾರಿನ ನಡುವೆ. ಉಳಿದ ತಿಂಗಳು ಅವು ಕಲ್ಲಿನಡಿ, ಬಿರುಕಿನೊಳಗೆ, ಮಣ್ಣಿನಾಳದಲ್ಲಿ ಇರುತ್ತವೆ. ಬಂಡೆಸಂದಿನ ಕತ್ತಲನ್ನೇ ಮನೆ ಮಾಡಿಕೊಂಡ ಜೀವಿಗಳಂತೂ ಗುಡ್ಡದ ಮೇಲೆ ನಡೆದು ಪಟ್ಟಿ ಬರೆಯುವವರ ಕಣ್ಣಿಗೆ ಯಾವ ತಿಂಗಳಲ್ಲೂ ಬೀಳವು.

ಹೀಗಾಗಿ ಗುಡ್ಡವನ್ನು ಇಷ್ಟು ಘನಮೀಟರ್ ಕಲ್ಲು ಎಂದು ಅಳೆಯುತ್ತೇವೆ, ಅದರೊಳಗಿನ ಟೊಳ್ಳನ್ನು ಅಳೆಯುವುದಿಲ್ಲ. ಆ ಟೊಳ್ಳಿನಲ್ಲಿ ಏನಿರಬಹುದು, ಅದು ಬದುಕಲು ಏನು ಬೇಕು ಎಂಬುದನ್ನು ಗವಿಯ ನೆಲಜೀರುಂಡೆಗಿಂತ ಚೆನ್ನಾಗಿ ತೋರಿಸುವ ಜೀವಿ ಸಿಗುವುದು ಕಷ್ಟ.

ನೆಲಜೀರುಂಡೆಗಳದು ಕ್ಯಾರಬಿಡೇ ಎಂಬ ದೊಡ್ಡ ಕುಟುಂಬ. ಜಗತ್ತಿನಲ್ಲಿ ಹೆಸರಿಟ್ಟ ಪ್ರಭೇದಗಳೇ ಸುಮಾರು 40,000. ನಮ್ಮ ಕುರುಚಲು ಕಾಡಿನಲ್ಲಿ, ಹೊಲದ ಬದುವಿನಲ್ಲಿ ಕಾಣುವ, ಕಪ್ಪು ಮೈಮೇಲೆ ಆರು ಬಿಳಿ ಚುಕ್ಕೆ ಹೊತ್ತ ದೊಡ್ಡ ಜೀರುಂಡೆ ಈ ಕುಟುಂಬದ್ದೇ. ಅದರ ಶಾಸ್ತ್ರೀಯ ಹೆಸರು ಆಂಥಿಯಾ ಸೆಕ್ಸ್‌ಗುಟ್ಟಾಟ. ಹಿಡಿಯಲು ಹೋದರೆ ಹಿಂಬದಿಯಿಂದ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ, ಕಣ್ಣಿಗೆ ಬಿದ್ದರೆ ತಡೆಯಲಾರದ ಉರಿ. ನೆಲಜೀರುಂಡೆಗಳಲ್ಲಿ ಬಹುಪಾಲು ಬೇಟೆಗಾರ ಹುಳುಗಳು. ಗಟ್ಟಿ ದವಡೆ, ಓಡಲು ಹೇಳಿ ಮಾಡಿಸಿದ ಕಾಲು. ಎಷ್ಟೋ ಪ್ರಭೇದಗಳು ಬೇಟೆಯ ಮೇಲೆ ಜೀರ್ಣರಸ ಸುರಿದು, ಕರಗಿದ್ದನ್ನು ಹೀರಿಕೊಳ್ಳುತ್ತವೆ. ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಎಂಬ ನಾಲ್ಕು ಹಂತದ ಬದುಕಿನಲ್ಲಿ ಮರಿಹುಳು ಸಾಮಾನ್ಯವಾಗಿ ಎರಡು ಸಲ ಪೊರೆ ಬಿಟ್ಟು ಮೂರು ಹಂತ ದಾಟುತ್ತದೆ.

ಗವಿಯ ಜೀರುಂಡೆಗಳ ಅಧ್ಯಯನ ಶುರುವಾದದ್ದು ಇಂದಿನ ಸ್ಲೊವೇನಿಯಾದಲ್ಲಿ. 1831ರಲ್ಲಿ ಪೊಸ್ತೊಯ್ನಾ ಗವಿಯಲ್ಲಿ ದೀಪ ಹಚ್ಚುವ ಕೆಲಸದ ಲೂಕಾ ಚೆಚ್ ಎಂಬಾತನಿಗೆ ಉಬ್ಬಿದ ಹೊಟ್ಟೆಯ, ಉದ್ದ ಕಾಲಿನ, ಕಣ್ಣಿಲ್ಲದ ಜೀರುಂಡೆಯೊಂದು ಸಿಕ್ಕಿತು. ಮರುವರ್ಷ ಅದಕ್ಕೆ ಲೆಪ್ಟೊಡೈರಸ್ ಎಂಬ ಹೆಸರು ಬಂತು. ಅದು ಬೇರೆ ಕುಟುಂಬದ್ದು, ಕೊಳೆತ ಸಾವಯವ ಪದಾರ್ಥ ತಿನ್ನುವಂಥದ್ದು. ಕಣ್ಣಿಲ್ಲದ ನೆಲಜೀರುಂಡೆಗಳಿಗೆ ಹೆಸರು ಬಿದ್ದದ್ದು 1844ರಲ್ಲಿ. ಅಲ್ಲಿಂದೀಚೆಗೆ ಯುರೋಪು, ಅಮೆರಿಕ, ಚೀನಾಗಳಲ್ಲಿ ನೂರಾರು ಪ್ರಭೇದಗಳು ಬೆಳಕಿಗೆ ಬಂದಿವೆ. ಅಮೆರಿಕದ ಪೂರ್ವಭಾಗದ ಸ್ಯೂಡನಾಫ್ತಾಲ್ಮಸ್ ಕುಲವೊಂದರಲ್ಲೇ ಸುಮಾರು 150 ಪ್ರಭೇದಗಳಿವೆ, ಅವುಗಳಲ್ಲಿ ಹಲವು ಒಂದೇ ಒಂದು ಗವಿಯಲ್ಲಿ ಮಾತ್ರ ಸಿಕ್ಕಿವೆ. ರೆಕ್ಕೆಯಿಲ್ಲ, ಬಿಸಿಲಿನಲ್ಲಿ ನಡೆದು ಇನ್ನೊಂದು ಗುಡ್ಡ ಸೇರುವ ಹಾಗಿಲ್ಲ. ಆ ಗವಿ ಹೋದರೆ ಪ್ರಭೇದವೂ ಹೋದಂತೆ.

ಕತ್ತಲಲ್ಲಿ ಮೈ ಹೇಗೆ ಮಾರ್ಪಡುತ್ತದೆ? ಕಣ್ಣು ಕುಗ್ಗಿ ಗುರುತಾಗಿ ಉಳಿಯುತ್ತದೆ ಅಥವಾ ಪೂರ್ತಿ ಅಳಿಯುತ್ತದೆ. ಹಾರುವ ರೆಕ್ಕೆ ಇಲ್ಲವಾಗುತ್ತದೆ. ಕಪ್ಪು ಬಣ್ಣ ಹೋಗಿ ಮೈ ಜೇನಿನ ಕೆಂಪುಗಂದು ಬಣ್ಣಕ್ಕೆ ಬರುತ್ತದೆ. ಮೀಸೆ, ಕಾಲು, ಕುತ್ತಿಗೆ ನೀಳವಾಗುತ್ತವೆ. 2017ರಲ್ಲಿ ಚೀನಾದ ಗುವಾಂಗ್‌ಶಿ ಪ್ರಾಂತ್ಯದ ಸುಣ್ಣಕಲ್ಲಿನ ಗವಿಯಿಂದ ವರ್ಣಿಸಲಾದ ಶ್ಯುಡೈಟಿಸ್ ಬೆಲಸ್ ಎಂಬ ಜೀರುಂಡೆಯ ತಲೆ-ಎದೆ ಎಷ್ಟು ಉದ್ದವೆಂದರೆ ಮೊದಲ ನೋಟಕ್ಕೆ ಇರುವೆಯೆಂದು ಭ್ರಮೆ ಹುಟ್ಟಿಸುತ್ತದೆ. ಮೈಮೇಲಿನ ಉದ್ದ ಸ್ಪರ್ಶರೋಮಗಳು ಗಾಳಿಯ ಸಣ್ಣ ಅಲುಗಾಟವನ್ನೂ ಹಿಡಿಯುತ್ತವೆ, ಮೀಸೆ ವಾಸನೆಯನ್ನೂ ತೇವವನ್ನೂ ಓದುತ್ತದೆ. ಹೀಗಾಗಿ ಗವಿಯ ಜೀರುಂಡೆಯನ್ನು ‘ಕುರುಡು’ ಎಂದು ಕರೆದು ಸುಮ್ಮನಾಗುವುದು ಅರ್ಧ ಮಾತು. ಕಣ್ಣಿಗೆ ಹಾಕುತ್ತಿದ್ದ ಖರ್ಚನ್ನು ಮೈ ಬೇರೆ ಇಂದ್ರಿಯಗಳಿಗೆ ತಿರುಗಿಸಿದೆ.

ಬದಲಾವಣೆ ಹೊರಮೈಯಲ್ಲಷ್ಟೇ ಇಲ್ಲ. ಆಹಾರ ಅಪರೂಪವಾದ ಕಡೆ ಮೊಟ್ಟೆಗಳ ಸಂಖ್ಯೆ ಇಳಿಯುತ್ತದೆ, ಒಂದೊಂದು ಮೊಟ್ಟೆಯೂ ದೊಡ್ಡದಾಗುತ್ತದೆ. ಕೆಲವು ಗವಿ ಜೀರುಂಡೆಗಳಲ್ಲಿ ಮರಿಹುಳುವಿನ ಮೂರು ಹಂತ ಎರಡಕ್ಕೆ, ಒಂದಕ್ಕೆ ಇಳಿದಿದೆ. ಕತ್ತಲಲ್ಲಿ ಆಹಾರ ಹುಡುಕಿ ಅಲೆಯುವ ಮೆತ್ತಗಿನ ಮರಿಹುಳು ಬೇಗ ಸಾಯುತ್ತದೆ. ತಾಯಿ ಮೊಟ್ಟೆಯಲ್ಲೇ ಬುತ್ತಿ ಕಟ್ಟಿ ಕಳಿಸಿದರೆ ಆ ಅಪಾಯದ ದಿನಗಳು ಕಡಿಮೆಯಾಗುತ್ತವೆ. ಆದರೆ ಇದಕ್ಕೆ ಬೆಲೆಯೂ ಇದೆ: ಒಮ್ಮೆ ಸಂಖ್ಯೆ ಕುಸಿದರೆ ಮತ್ತೆ ತುಂಬಿಕೊಳ್ಳಲು ಬಹಳ ಕಾಲ ಬೇಕು.

ಊಟ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಅಮೆರಿಕದ ಕೆಂಟಕಿಯ ಮ್ಯಾಮತ್ ಗವಿ ಒಳ್ಳೆಯ ಪಾಠ. ಅಲ್ಲಿ ನಿಯಾಫೀನಾಪ್ಸ್ ಎಂಬ ಕಣ್ಣಿಲ್ಲದ ನೆಲಜೀರುಂಡೆಯ ಮುಖ್ಯ ಆಹಾರ ಗವಿ ಚಿಮ್ಮಂಡೆಯ ಮೊಟ್ಟೆ. ಈ ಚಿಮ್ಮಂಡೆಗಳು ಹಗಲು ಗವಿಯ ಛಾವಣಿಗೆ ಅಂಟಿಕೊಂಡಿದ್ದು, ರಾತ್ರಿ ಹೊರಗೆ ಹೋಗಿ ಮೇದು ಬಂದು, ಒಳಗಿನ ಮರಳಿನಲ್ಲಿ ಮೊಟ್ಟೆ ಇಟ್ಟು ಮುಚ್ಚುತ್ತವೆ. ಜೀರುಂಡೆ ಮರಳ ಮೇಲೆ ಮೀಸೆಯಾಡಿಸುತ್ತಾ ಅಲೆದು, ಮೊಟ್ಟೆ ಇಟ್ಟ ಜಾಗದ ಸುಳಿವು ಸಿಕ್ಕಲ್ಲಿ ಅಗೆದು, ತೂತು ಮಾಡಿ ಕುಡಿಯುತ್ತದೆ. ಜೀರುಂಡೆಯ ಸಂತಾನದ ಕಾಲವೂ ಚಿಮ್ಮಂಡೆ ಮೊಟ್ಟೆಯಿಡುವ ಕಾಲದ ಬೆನ್ನಿಗೇ ಬರುತ್ತದೆ. ಗವಿಯೊಳಗೆ ಒಂದು ಹುಲ್ಲುಕಡ್ಡಿಯೂ ಬೆಳೆಯುವುದಿಲ್ಲ. ಹೊರಗಿನ ಹಸಿರು ಚಿಮ್ಮಂಡೆಯ ಹೊಟ್ಟೆಯಲ್ಲಿ ಒಳಗೆ ಬಂದು, ಮೊಟ್ಟೆಯಾಗಿ, ಜೀರುಂಡೆಗೆ ದಕ್ಕುತ್ತದೆ. ಅಂದರೆ ಗವಿಯ ಬಾಯಿಯ ಸುತ್ತಲಿನ ಪೊದೆ ಕಡಿದರೂ ಒಳಗಿನ ಜೀರುಂಡೆ ಹಸಿಯುತ್ತದೆ.

ತೇವದ ಲೆಕ್ಕ

ಆಹಾರಕ್ಕಿಂತ ಬಿಗಿಯಾದ ಷರತ್ತು ತೇವ. ಬೆಳಕಿನಲ್ಲಿ ಬದುಕುವ ಜೀರುಂಡೆಯ ಚಿಪ್ಪಿನ ಮೇಲೆ ನೀರು ಆರದಂತೆ ತಡೆಯುವ ಮೇಣದ ಪದರ ಗಟ್ಟಿಯಾಗಿರುತ್ತದೆ. ಗವಿಯ ಜೀರುಂಡೆಯ ಚಿಪ್ಪು ತೆಳು, ಅದು ಬದುಕುವುದು ಹೆಚ್ಚೂ ಕಡಿಮೆ ನೂರಕ್ಕೆ ನೂರು ತೇವವಿರುವ ಗಾಳಿಯಲ್ಲಿ. ಇಲ್ಲಿ ನಮ್ಮ ಸೀಮೆಗೂ ಯುರೋಪಿಗೂ ಇರುವ ವ್ಯತ್ಯಾಸ ಗಮನಿಸಬೇಕಾದ್ದು. ಆಳದ ಗವಿಯ ತಾಪಮಾನ ಆ ಊರಿನ ವರ್ಷದ ಸರಾಸರಿಗೆ ಹತ್ತಿರ ಇರುತ್ತದೆ. ಮ್ಯಾಮತ್ ಗವಿಯಲ್ಲಿ ಅದು 12 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಬಳ್ಳಾರಿ-ರಾಯಚೂರಿನಲ್ಲಿ 27ರ ಆಸುಪಾಸು ಎಂದು ಲೆಕ್ಕ ಹಿಡಿಯಬೇಕು. ಎರಡೂ ಕಡೆ ತೇವಮಾಪಕ 90 ತೋರಿಸಿತೆನ್ನಿ. 12 ಡಿಗ್ರಿಯಲ್ಲಿ ಗಾಳಿ ಇನ್ನೂ ಹೀರಬಲ್ಲ ಆವಿಯ ಒತ್ತಡ 1.4 ಮಿಲಿಬಾರ್. 27 ಡಿಗ್ರಿಯಲ್ಲಿ ಅದು 3.6 ಮಿಲಿಬಾರ್. ಅದೇ ಅಂಕಿ, ಆದರೆ ಮೈ ಒಣಗಿಸುವ ಶಕ್ತಿ ಎರಡೂವರೆ ಪಟ್ಟು. ಬಿಸಿಯಲ್ಲಿ ಉಸಿರಾಟವೂ ಜೋರು, ಹಾಗಾಗಿ ಉಪವಾಸ ತಡೆಯುವ ದಿನಗಳೂ ಕಡಿಮೆ. ತಣ್ಣನೆ ದೇಶದ ಗವಿಗೆ ಸಾಕಾಗುವ ತೇವ ನಮ್ಮ ಗವಿಗೆ ಸಾಲದು.

ಉಷ್ಣವಲಯದ ಗವಿಗಳಲ್ಲಿ ಇಂಥ ಜೀವಿಗಳು ಇರಲಾರವು ಎಂಬ ನಂಬಿಕೆ ಬಹಳ ಕಾಲ ಇತ್ತು. ಹವಾಯಿಯ ಲಾವಾ ಸುರಂಗಗಳಲ್ಲಿ ಕೀಟತಜ್ಞ ಫ್ರಾನ್ಸಿಸ್ ಹವಾರ್ತ್ ಅವರು 1970ರ ದಶಕದಲ್ಲಿ ಮಾಡಿದ ಕೆಲಸ ಅದನ್ನು ಮುರಿಯಿತು. ಹೊರಗಿನ ರಾತ್ರಿ ಒಳಗಿಗಿಂತ ತಣ್ಣಗಾದಾಗ ಗವಿಯ ಬೆಚ್ಚನೆಯ ಹಸಿಗಾಳಿ ಮೇಲೆದ್ದು ಹೊರಗೆ ಹೋಗುತ್ತದೆ, ತಂಪಾದ ಒಣಗಾಳಿ ತಳದಿಂದ ನುಗ್ಗುತ್ತದೆ. ಆ ಗಾಳಿ ಒಳಗೆ ಬೆಚ್ಚಗಾದಷ್ಟೂ ಹೆಚ್ಚು ನೀರು ಹೀರುತ್ತದೆ. ಹೀಗಾಗಿ ಬಾಯಿ ಅಗಲವಾದ, ಎರಡು-ಮೂರು ದ್ವಾರದ ಗವಿ ಚಳಿಗಾಲದಲ್ಲಿ ಒಣಗುತ್ತದೆ. ಜೀವಿಗಳು ಗಾಳಿಯಾಡದ ಕುರುಡು ಮೂಲೆಗೆ, ಸಣ್ಣ ಬಿರುಕಿಗೆ ಸರಿಯುತ್ತವೆ. ನಮ್ಮಲ್ಲಿ ವರದಿಗೆ ಮಾಹಿತಿ ಕಲೆಹಾಕುವುದು ಹೆಚ್ಚಾಗಿ ಚಳಿಗಾಲ-ಬೇಸಿಗೆಯಲ್ಲಿ, ಅಂದರೆ ಅವು ಸರಿದುಹೋದ ಮೇಲೆ.

ನಮ್ಮ ಗುಡ್ಡದ ಒಳಮೈ

ಬೆಲಂನಂಥ ಸುಣ್ಣಕಲ್ಲಿನ ಉದ್ದ ಗವಿಗಳು ಪಕ್ಕದ ಆಂಧ್ರದ ಸೀಮೆಯವು. ಕೊಪ್ಪಳ-ರಾಯಚೂರು-ಬಳ್ಳಾರಿಯ ಗವಿಗಳಲ್ಲಿ ಬಹುತೇಕ ಗ್ರಾನೈಟಿನವು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ನೆಲದೊಳಗೇ ಸೀಳುಗಳ ಗುಂಟ ಕೊಳೆತು, ಮೇಲಿನ ಮಣ್ಣು ಕೊಚ್ಚಿಹೋದಾಗ ಉಳಿದ ಗಟ್ಟಿ ಗುಂಡುಗಳು ಒಂದರ ಮೇಲೊಂದು ಕೂತವು. ಆನೆಗೊಂದಿ, ಹಿರೇಬೆಣಕಲ್, ಸಂಗನಕಲ್ಲು, ಮಸ್ಕಿ ಎಲ್ಲಿ ನೋಡಿದರೂ ಇದೇ ಬಂಡೆಗಳ ಪೇರಿಕೆ. ಈ ಸಂದುಗಳನ್ನು ಜನ ಬಳಸಿದ್ದು ಇಂದು ನಿನ್ನೆಯಲ್ಲ: 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನ ಇರುವುದು ಬಂಡೆಗಳ ನಡುವಿನ ಗವಿಯಲ್ಲಿ, ಕೊಪ್ಪಳದ ಗವಿಮಠದ ಹೆಸರಲ್ಲೇ ಗವಿ ಇದೆ.

ಇಂಥ ಗವಿಗೆ ನೂರು ಕಿಂಡಿ. ಮನುಷ್ಯ ಬಗ್ಗಿ ನುಗ್ಗುವ ಭಾಗದಲ್ಲಿ ಗಾಳಿಯಾಡುತ್ತದೆ, ಏಪ್ರಿಲ್‌ನಲ್ಲಿ ಅಲ್ಲಿ ಕಡ್ಡಿ ಮುರಿದರೆ ಪಟ್ಟೆನ್ನುವಷ್ಟು ಒಣ. ಜೀರುಂಡೆಯ ಲೆಕ್ಕದಲ್ಲಿ ಅದು ಪಡಸಾಲೆ ಮಾತ್ರ. ಅದರ ಮನೆ ಇರುವುದು ಬೆರಳು ತೂರುವಷ್ಟು ಸಂದಿನಲ್ಲಿ, ಬಂಡೆಗಳ ಬುಡದಲ್ಲಿ ಕೊಳೆತ ಕಲ್ಲುಮಣ್ಣು, ಬೇರು, ಎಲೆಕಸ ಸೇರಿದ ಜಾಗದಲ್ಲಿ. 1980ರಲ್ಲಿ ಫ್ರಾನ್ಸಿನ ಪಿರನೀಸ್ ಬೆಟ್ಟಗಳಲ್ಲಿ ಸಂಶೋಧಕರು ತೋರಿಸಿಕೊಟ್ಟದ್ದು ಇದನ್ನೇ: ಗವಿಯ ಜೀವಿಗಳೆಂದು ಹೆಸರಾದವು ಗವಿಯಿಲ್ಲದ ಇಳಿಜಾರಿನ ಕಲ್ಲುರಾಶಿಯ ಅಡಿಯಲ್ಲೂ ವಾಸಿಸುತ್ತವೆ. ಗ್ರಾನೈಟ್ ಗುಡ್ಡದ ಬುಡದ ಕಲ್ಲುರಾಶಿಯನ್ನು ‘ವೇಸ್ಟ್’ ಎಂದು ಮೊದಲು ಬಾಚಿ ಎಸೆಯುವ ಕ್ವಾರಿ ಪದ್ಧತಿಯ ಪೂರ್ತಿ ಪೆಟ್ಟು ಬೀಳುವುದು ಇಲ್ಲಿಗೇ.

ಒಳಗಿನ ಊಟಕ್ಕೆ ನಮ್ಮಲ್ಲಿ ನಾಲ್ಕು ದಾರಿ: ಬಾವಲಿ ಹಿಕ್ಕೆ, ಕರಡಿ-ಮುಳ್ಳುಹಂದಿಗಳ ಲದ್ದಿ, ಮಳೆನೀರು ಎಳೆದು ತರುವ ಎಲೆಕಸ, ಬಿರುಕಿಗಿಳಿದ ಆಲ-ಬಸರಿ-ಅರಳಿಯ ಬೇರು. ಹಸಿ ಹಿಕ್ಕೆಯ ಮೇಲೆ ನುಸಿ, ಚಿಮ್ಮುಬಾಲದ ಹುಳು, ನೊಣದ ಮರಿಗಳು ಬೆಳೆಯುತ್ತವೆ, ಅವನ್ನು ಹುಡುಕಿ ಬೇಟೆಗಾರ ಜೀರುಂಡೆ ರಾಶಿಯ ಅಂಚಿಗೆ ಬರುತ್ತದೆ. ರಾಶಿಯ ನಡುವೆ ಅಮೋನಿಯಾ ಗಾಢ, ಅಲ್ಲಿ ಹುಡುಕುವುದು ವ್ಯರ್ಥ.

ಹುಡುಕುವ ಕ್ರಮ

ಮೊದಲು ಗುರುತು. ನಮ್ಮ ಗವಿಗಳಲ್ಲಿ ಕಪ್ಪು ಜೀರುಂಡೆ ಕಂಡ ಕೂಡಲೇ ನೆಲಜೀರುಂಡೆ ಎಂದು ಬರೆದುಬಿಡುವ ತಪ್ಪು ಸಾಮಾನ್ಯ. ಹಿಕ್ಕೆಯಲ್ಲಿ ಹೆಚ್ಚಾಗಿ ಸಿಗುವುದು ಟೆನೆಬ್ರಿಯಾನಿಡೇ ಕುಟುಂಬದ ನಿಧಾನ ನಡಿಗೆಯ ಹುಳು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಪಾದದ ಗಂಟು ಎಣಿಸಬೇಕು: ನೆಲಜೀರುಂಡೆಗೆ ಮೂರು ಜೊತೆ ಕಾಲಿನಲ್ಲೂ ಐದೈದು, ಟೆನೆಬ್ರಿಯಾನಿಡೇ ಹುಳುವಿಗೆ ಹಿಂಗಾಲಲ್ಲಿ ನಾಲ್ಕೇ. ಮಗುಚಿ ನೋಡಿದರೆ ನೆಲಜೀರುಂಡೆಯ ಹಿಂಗಾಲಿನ ಬುಡ ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡು ಪಾಲು ಮಾಡಿರುತ್ತದೆ, ಆ ಬುಡಕ್ಕೆ ಹೊಂದಿ ಹುರುಳಿಕಾಳಿನಾಕಾರದ ದೊಡ್ಡ ಗಂಟೊಂದು ಇರುತ್ತದೆ.

ಬೋನಿಗೆ 8 ಸೆಂ.ಮೀ. ಬಾಯಿ, 12 ಸೆಂ.ಮೀ. ಆಳದ ಪ್ಲಾಸ್ಟಿಕ್ ಲೋಟ ಸಾಕು. ಒಂದರೊಳಗೊಂದು ಎರಡು ಲೋಟ ಹೂಳಿದರೆ ಒಳಗಿನದನ್ನು ಎತ್ತುವಾಗ ಮಣ್ಣು ಕುಸಿಯುವುದಿಲ್ಲ. ಅಂಚು ನೆಲಕ್ಕೆ ಸರಿಸಮ ಇರಬೇಕು, ಒಂದೆರಡು ಮಿ.ಮೀ. ಮೇಲಿದ್ದರೂ ಸಣ್ಣ ಜೀರುಂಡೆ ಮೀಸೆ ತಾಗಿಸಿ ಪಕ್ಕಕ್ಕೆ ಸರಿದುಹೋಗುತ್ತದೆ. ತಳಕ್ಕೆ ಸೂಜಿಯಿಂದ ಐದಾರು ತೂತು, ಮೇಲೆ ಒದ್ದೆ ತೆಂಗಿನ ನಾರು ಮತ್ತು ನಾಲ್ಕು ಬೆಣಚುಕಲ್ಲು. ಅಡಗುವ ಜಾಗ ಇಲ್ಲದಿದ್ದರೆ ಒಳಗೆ ಬಿದ್ದವು ಒಂದನ್ನೊಂದು ತಿನ್ನುತ್ತವೆ. ಮೇವಿಗೆ ತೆಳುಬಟ್ಟೆಯಲ್ಲಿ ಕಟ್ಟಿದ ಒಣಮೀನಿನ ತುಣುಕು. ಬೆಲ್ಲ ಬೇಡ, ಇರುವೆ ಮುತ್ತುತ್ತದೆ. ಇರುವೆ ದಾರಿ ಹಿಡಿದ ಬೋನಿನಲ್ಲಿ ಬೆಳಗಾಗುವಷ್ಟರಲ್ಲಿ ಜೀರುಂಡೆಯ ರೆಕ್ಕೆಚಿಪ್ಪು ಮಾತ್ರ ಉಳಿದಿರುತ್ತದೆ. ಮೇಲೆ 2 ಸೆಂ.ಮೀ. ಎತ್ತರಕ್ಕೆ ಚಪ್ಪಡಿ ಮುಚ್ಚಿ, 24 ಗಂಟೆಯೊಳಗೆ ತೆರೆದು, ಎಣಿಸಿ, ಚಿತ್ರ ತೆಗೆದು ಅಲ್ಲೇ ಬಿಡಬೇಕು.

ಕಲ್ಲುರಾಶಿಯ ಆಳಕ್ಕೆ ಲೋಟ ಮುಟ್ಟದು. ಅದಕ್ಕೆ 110 ಮಿ.ಮೀ. ಪಿವಿಸಿ ಪೈಪಿನ 75 ಸೆಂ.ಮೀ. ತುಂಡು ಬೇಕು. ಕೆಳಗಿನ ಅರ್ಧಕ್ಕೆ 6ರಿಂದ 8 ಮಿ.ಮೀ. ತೂತುಗಳನ್ನು ಸುತ್ತಲೂ ಕೊರೆದು, ಬುಡದ ಕಲ್ಲುರಾಶಿಯಲ್ಲಿ ನೆಟ್ಟಗೆ ಹೂಳಿ, ತಂತಿ ಕಟ್ಟಿದ ಲೋಟವನ್ನು ಒಳಗಿಳಿಸಿ ಮುಚ್ಚಳ ಹಾಕಬೇಕು. ಅಗೆದ ಜಾಗ ಹದಕ್ಕೆ ಬರಲು ಕೆಲವು ವಾರ ಬೇಕು, ಆದ್ದರಿಂದ ಮೇ ಕೊನೆಯೊಳಗೆ ಹೂಳಿರಬೇಕು. ತಿಂಗಳುಗಟ್ಟಲೆ ಬಿಡುವ ಲೋಟಕ್ಕೆ, ಬಿದ್ದು ಸತ್ತ ಹುಳು ಕೊಳೆಯದಿರಲೆಂದು, ಪ್ರೊಪಿಲೀನ್ ಗ್ಲೈಕಾಲ್ ದ್ರವ ಹಾಕುವುದುಂಟು. ವಾಹನದ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಮಾತ್ರ ಎಂದಿಗೂ ಬಳಸಬಾರದು. ಅದು ಸಿಹಿ, ಅದು ವಿಷ, ದರೋಜಿಯ ಸುತ್ತಮುತ್ತಲಿನ ಗುಡ್ಡಗಳಲ್ಲಿ ಅದನ್ನು ನೆಕ್ಕಲು ಕರಡಿಯೇ ಬರಬಹುದು. ಮಿತಿಮೀರಿ ಹಿಡಿದು ಕೊಂದರೆ ಏನಾಗುತ್ತದೆಂಬುದಕ್ಕೆ ಸ್ಲೊವೇನಿಯಾದ ಉದಾಹರಣೆ ಇದೆ. 1937ರಲ್ಲಿ ಹಿಟ್ಲರನ ಹೆಸರಿಟ್ಟ ಅನಾಫ್ತಾಲ್ಮಸ್ ಹಿಟ್ಲೆರಿ ಎಂಬ ಪುಟ್ಟ ಗವಿ ಜೀರುಂಡೆಯನ್ನು ಆ ಹೆಸರಿನ ಹುಚ್ಚಿಗೆ ಸಂಗ್ರಹಕಾರರು ಹಿಡಿದು ಮಾರಿ, ಪ್ರಭೇದವನ್ನೇ ಅಪಾಯಕ್ಕೆ ತಳ್ಳಿದ್ದಾರೆ.

ತೇವ ಅಳೆಯಲು ಅಗ್ಗದ ಡಿಜಿಟಲ್ ಮಾಪಕ ನಂಬಬೇಡಿ, 95 ದಾಟಿದ ಮೇಲೆ ಅದರ ಅಂಕಿಗೆ ಅರ್ಥವಿಲ್ಲ. ಒಣಬುಡ್ಡಿ-ಹಸಿಬುಡ್ಡಿ ಥರ್ಮಾಮೀಟರ್ (ಜೋಡಿಯಲ್ಲಿ ಒಂದರ ಬುಡ್ಡಿಗೆ ಒದ್ದೆಬಟ್ಟೆ ಸುತ್ತಿರುತ್ತದೆ) ತಿರುಗಿಸಿ ನೋಡಿ. 27 ಡಿಗ್ರಿಯಲ್ಲಿ ಎರಡರ ನಡುವೆ ಒಂದೇ ಒಂದು ಡಿಗ್ರಿ ಅಂತರವಿದ್ದರೂ ತೇವ 92ಕ್ಕೆ ಇಳಿದಿದೆ ಎಂದರ್ಥ. ಅಂಥ ಜಾಗ ಬಿಟ್ಟು ಇನ್ನೂ ಇಕ್ಕಟ್ಟಾದ ಸಂದು ಹುಡುಕಬೇಕು. ಹಿಕ್ಕೆ ಇರುವ ಗವಿಗೆ ಎನ್-95 ಮುಖಗವಸು ಇಲ್ಲದೆ ಹೋಗಬಾರದು, ಅದರ ದೂಳಿನ ಶಿಲೀಂಧ್ರ ಶ್ವಾಸಕೋಶಕ್ಕೆ ಸೋಂಕು ತರುತ್ತದೆ. ಕರಡಿ ಹಗಲು ಮಲಗುವುದೇ ಗವಿಯಲ್ಲಿ. ಹಸಿ ಲದ್ದಿ, ಕೂದಲು, ಹೊಸ ಕೆರೆತದ ಗುರುತು ಕಂಡರೆ ಆ ಗವಿ ಆ ದಿನಕ್ಕೆ ಮುಗಿಯಿತು. ಕಾಡಿನ ಜಾಗವಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು.

ಕೆಡುವುದು ಹೇಗೆ

ಸಿಡಿಮದ್ದಿನ ಸದ್ದು ಎಲ್ಲರಿಗೂ ಕೇಳಿಸುತ್ತದೆ, ಬಾವಲಿಗಳು ಗವಿ ಬಿಟ್ಟು ಹೋಗುವುದೂ ಅದರಿಂದಲೇ. ಬಾವಲಿ ಹೋದರೆ ಹಿಕ್ಕೆ ನಿಂತು, ಕೆಲವೇ ಋತುಗಳಲ್ಲಿ ಅದನ್ನು ನಂಬಿದ ಹುಳುಗಳ ಸಾಲು ಬರಿದಾಗುತ್ತದೆ. ಕೋಲಾರದ ಹನುಮನಹಳ್ಳಿಯ ಗ್ರಾನೈಟ್ ಗವಿಯ ಎಲೆಮೂಗಿನ ಬಾವಲಿ ಇಂದು ಅಳಿವಿನ ಅಂಚಿನಲ್ಲಿರುವುದಕ್ಕೆ ಕಲ್ಲುಗಣಿಯೇ ದೊಡ್ಡ ಕಾರಣಗಳಲ್ಲೊಂದು. ಸದ್ದಿಲ್ಲದೆ ನಡೆಯುವ ಕೇಡು ಬೇರೆ ಎರಡಿವೆ. ಕ್ರಷರಿನ ಹಿಟ್ಟಿನಂಥ ದೂಳು ಮಳೆಯಲ್ಲಿ ಕೆಸರಾಗಿ ಇಳಿದು ಸಂದುಗಳಲ್ಲಿ ಗಾರೆಯಂತೆ ಕೂರುತ್ತದೆ, ಗುಡ್ಡ ನಿಂತೇ ಇದ್ದರೂ ಒಳಗಿನ ಟೊಳ್ಳು ಮುಚ್ಚುತ್ತದೆ. ಇನ್ನೊಂದು, ನೆತ್ತಿಯ ಒಂದೆರಡು ಗುಂಡು ತೆಗೆದದ್ದು. ನೋಡಲು ಅದು ಸಣ್ಣ ಕೆಲಸ, ಒಳಗೆ ಮಾತ್ರ ಹೊಸ ಚಿಮಣಿ ತೆರೆದು ಮೇಲೆ ಹೇಳಿದ ಒಣಗಾಳಿಯ ಸುಳಿ ಶುರುವಾಗುತ್ತದೆ.

ಗಣಿ ಇಲ್ಲದ ಕಡೆ ಭಕ್ತಿ ಮತ್ತು ಪ್ರವಾಸ. ಗವಿಗುಡಿಯ ನೆಲಕ್ಕೆ ಟೈಲ್ಸ್ ಹಾಕಿ, ಸಂದುಗಳಿಗೆ ಸಿಮೆಂಟು ಮೆತ್ತಿ, ಹಗಲಿರುಳು ಬಲ್ಬು ಉರಿಸುವುದು ಈಗ ಜೀರ್ಣೋದ್ಧಾರದ ರೂಢಿಯಾಗಿದೆ. ಬೆಳಕು ಬಿದ್ದ ಗೋಡೆಗೆ ಪಾಚಿ ಹತ್ತುತ್ತದೆ, ಎಸೆದ ಪ್ರಸಾದಕ್ಕೆ ಜಿರಲೆ, ಇರುವೆ ಬರುತ್ತವೆ. ಗರ್ಭಗುಡಿಯಿಂದಾಚೆಗಿನ ಸಂದುಗಳನ್ನು ಮುಟ್ಟದೆ ಬಿಟ್ಟರೆ, ಜನ ಇಲ್ಲದಾಗ ದೀಪ ಆರಿಸಿದರೆ ದೇವರಿಗೂ ಕೊರತೆಯಿಲ್ಲ. ಗೊಬ್ಬರಕ್ಕೆ ಬಾವಲಿ ಹಿಕ್ಕೆ ತೆಗೆಯುವ ರೈತರು ಮರಿಗಳಿರುವ ತಿಂಗಳು ಬಿಟ್ಟು, ರಾಶಿಯ ಅರ್ಧವನ್ನಷ್ಟೇ ಮೇಲುಮೇಲೆ ತೆಗೆದರೆ ಹುಳುಗಳ ಸಾಲು ಉಳಿಯುತ್ತದೆ.

ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ರಾಡೀನ್ ಕುಲದ ಗವಿ ನೆಲಜೀರುಂಡೆಗಳನ್ನು 1988ರಲ್ಲಿ ಮತ್ತು 2000ದಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿಸಿದ ಮೇಲೆ ಗವಿಯ ಬಾಯಿಗೆ ಬೇಲಿ ಹಾಕಿದ್ದಷ್ಟೇ ಸಾಲದೆಂದು, ಚಿಮ್ಮಂಡೆಗಳು ಮೇಯುವ ಸುಮಾರು ನೂರು ಮೀಟರಿನವರೆಗಿನ ಹುಲ್ಲುಪೊದೆಯನ್ನೂ ಸೇರಿಸಿ ಜಾಗ ಕಾಯ್ದಿರಿಸುತ್ತಾರೆ. ನಮ್ಮಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಕಾಯ್ದೆಯ 37ನೇ ಕಲಮಿನಡಿ ರಾಜ್ಯ ಸರ್ಕಾರ ಜೀವವೈವಿಧ್ಯ ಪಾರಂಪರಿಕ ತಾಣ ಘೋಷಿಸಬಹುದು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಹಾಗೆ ಉಳಿಯಿತು. ಒಂದು ತೋಪಿಗೆ ಸಿಕ್ಕದ್ದು ಒಂದು ಬಂಡೆಗುಡ್ಡಕ್ಕೂ ಸಿಗಬೇಕು.

ದಾಖಲಾತಿಯಲ್ಲಿ ‘ಗುಡ್ಡ, ಕಲ್ಲು’ ಎಂದಷ್ಟೇ ಬರೆದರೆ ಅದು ಯಾವ ವಿಚಾರಣೆಯಲ್ಲೂ ನಿಲ್ಲುವುದಿಲ್ಲ. ಗವಿಯ ಬಾಯಿ ಎತ್ತ ಮುಖ ಮಾಡಿದೆ, ಜಿಪಿಎಸ್ ಅಂಕಿ, ದೊಣೆಯ ನೀರು ಯಾವ ತಿಂಗಳವರೆಗೆ ಇರುತ್ತದೆ, ಬಾವಲಿ ಎಲ್ಲಿ ತೂಗುತ್ತವೆ, ಒಣಬುಡ್ಡಿ-ಹಸಿಬುಡ್ಡಿಯ ಎರಡು ಅಂಕಿ, ಬೋನು ಇಟ್ಟ ದಿನ, ತೆರೆದ ದಿನ, ಸಿಕ್ಕ ಹುಳುವಿನ ಬೆನ್ನು-ಹೊಟ್ಟೆ ಎರಡರ ಚಿತ್ರ ಬೇಕು. ಮಾದರಿ ಇಡುವುದಾದರೆ ಒಂದು ಜಾಗಕ್ಕೆ ಎರಡು-ಮೂರಕ್ಕಿಂತ ಹೆಚ್ಚು ಬೇಡ. ರಚನೆ ನೋಡಲು 70, ಡಿಎನ್‌ಎಗೆ 95 ಪ್ರತಿಶತ ಆಲ್ಕೋಹಾಲ್. ಚೀಟಿ ಪೆನ್ಸಿಲಿನಲ್ಲಿ ಬರೆದು ಸೀಸೆಯ ಒಳಗೇ ಹಾಕಬೇಕು, ಬಾಲ್‌ಪೆನ್ನಿನ ಶಾಯಿ ಕರಗಿಹೋಗುತ್ತದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋಗೋ ಕಳಿಸುವಾಗ ಇದೇ ಚೀಟಿ ಆಧಾರ. ಮುಂಗಾರಿಗೆ ಮುಂಚೆ, ಆಗಸ್ಟ್‌ನಲ್ಲಿ, ದೀಪಾವಳಿ ಆದ ಮೇಲೆ ಹೀಗೆ ಕನಿಷ್ಠ ಮೂರು ಸಲ ನೋಡಿದ ಪಟ್ಟಿ ಪಂಚಾಯಿತಿಯ ಕೈಯಲ್ಲಿದ್ದರೆ, ಜನವರಿಯ ಒಂದು ವಾರದಲ್ಲಿ ತಯಾರಾದ ವರದಿಯನ್ನು ಸಾರ್ವಜನಿಕ ಅಹವಾಲು ಸಭೆಯಲ್ಲಿ ಸಾಲು ಸಾಲಾಗಿ ಪ್ರಶ್ನಿಸಬಹುದು.